ಈಸೂರು ಮತ್ತು ಕಯ್ಯೂರು

1943ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಮ್ಮ ನಾಡಿಗೆ ಸಂಬಂಧಪಟ್ಟ ಒಂಬತ್ತು ಮಂದಿ ನೇಣುಗಂಬವೇರಿದರು. ಅವರಲ್ಲಿ ಐವರು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಈಸೂರಿನವರು. ಅವರನ್ನು ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿ 8, 9, 10ನೆಯ ತಾರೀಕುಗಳಂದು ಗಲ್ಲಿಗೇರಿಸಲಾಯಿತು. ಉಳಿದ ನಾಲ್ವರು ಕಯ್ಯೂರಿನವರು. ಕಯ್ಯೂರು ಇಂದು ಕೇರಳಕ್ಕೆ ಸೇರಿದೆ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಒಂದು ಗ್ರಾಮ. ಊರಿನ ಮಾತು ಮಲಯಾಳವೇ ಆದರೂ ಮೊಕದ್ದಮೆ ನಡೆದುದು ಜಿಲ್ಲೆಯ ಮುಖ್ಯ ಪಟ್ಟಣವಾದ ನಮ್ಮ ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. ಆ ನಾಲ್ವರಿಗೆ ಕಣ್ಣೂರಿನ ಸೆರೆಮನೆಯಲ್ಲಿ 29ನೆಯ ತಾರೀಕು ಗಲ್ಲಾಯಿತು.

ಈಸೂರಿನವರು ಕಾಂಗ್ರೆಸಿನ ಕರೆಗೆ ಓಗೊಟ್ಟವರು. ತಲೆಯ ಮೇಲೆ ಗಾಂಧಿ ಟೋಪಿ. ಕಯ್ಯೂರಿನವರು ಕೆಂಬಾವುಟದ ರೈತಸಂಘದವರು. ಆ ದಿನಗಳಲ್ಲಿ ಈ ಎರಡು ಪಕ್ಷಗಳು ಒಂದನ್ನೊಂದು ಕಂಡರೆ ಮುಖ ತಿರುಗಿಸುತ್ತಿದ್ದುವು. 1941ರ ಜೂನ್‌ನಲ್ಲಿ ಹಿಟ್ಲರನು ರಷ್ಯದ ಮೇಲೆ ಬಿದ್ದ ತರುವಾಯ ಭಾರತದ ಕಮ್ಯೂನಿಸ್ಟರು ಮಹಾಯುದ್ಧವನ್ನು ಜನತಾಯುದ್ಧವೆಂದು ಕರೆದರು. 1942ರ ಆಗಸ್ಟ್‌ನ 'ಚಲೇಜಾವ್' ಚಳುವಳಿಯಿಂದ ದೂರ ನಿಂತರು. ಹೀಗೆ ಒಬ್ಬರ ದೃಷ್ಟಿಯಲ್ಲಿ ಇನ್ನೊಬ್ಬರು ದಾರಿತಪ್ಪಿದವರು. ಅಂದಿನಿಂದ ಇಂದಿನವರೆಗೂ ಈಸೂರನ್ನು ಕೊಂಡಾಡುವ ಸಭೆಯಲ್ಲಿ ಕಯ್ಯೂರಿನ ಹೆಸರು ಬರುವುದು ಅಪರೂಪ. ಕಯ್ಯೂರಿನ ಸಭೆಯಲ್ಲಿ ಈಸೂರಿನದೂ ಹಾಗೆಯೇ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಿದರೆ ಏನು ಕಾಣಿಸುತ್ತದೆಂಬುದೇ ಈ ಬರೆಹದ ವಿಷಯ.

ಮೊದಲು ಈಸೂರು. 1942ರಲ್ಲಿ ಆ ಊರಿನವರು ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿದರು. ಬೇಜವಾಬ್ದಾರಿ ಸರಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರ ಬಾಗಿಲಲ್ಲಿ ಹಲಗೆ ಕಟ್ಟಿದರು. ಕಂದಾಯ ಕೇಳಲು ಬಂದವರ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಊರಿನ ಹುಡುಗರನ್ನೇ ಆರಿಸಿ ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರ್ ಎಂದು ಮಾಡಿದರು. ಹುಡುಗರಾದರೆ ಸೆರೆಮನೆಗೆ ಹಾಕಲಾರರೆಂಬ ಹಳ್ಳಿಯ ಜಾಣತನವೂ ಇದರಲ್ಲಿದ್ದಿರಬೇಕು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಹುಟ್ಟಿದುದು ಆಗಲೇ. ಎಷ್ಟು ಸೊಗಸಾದ ಮಾತು! ಕನ್ನಡದ ಪ್ರಾಸಪ್ರೀತಿ ಬಂಡಾಯದಲ್ಲಿಯೂ ಬಿಟ್ಟುಹೋಗಲಿಲ್ಲ.

ಸಪ್ಟಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪನವರೂ ನಿಜವಾದ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೋಲೀಸರೊಡನೆ ಊರಿಗೆ ಬಂದರು. ಜನ ಅವರನ್ನು ಮುತ್ತಿಕೊಂಡು ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು. ರೊಚ್ಚಿಗೆದ್ದ ಜನ ಇಬ್ಬರನ್ನೂ ಅಲ್ಲಿಯೇ ಬಡಿದು ಕೊಂದರು. ಅನಂತರ ಬಂದುದು ಸೈನ್ಯ. ಗಂಡಸರು ಹೆಂಗಸರು ಕಾಡು ಸೇರಿದರು. ಮನೆಗಳು ಲೂಟಿಯಾದುವು, ಬೆಂಕಿಗೆ ಆಹುತಿಯಾದುವು. ವಿಚಾರಣೆ ಮುಗಿದಾಗ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಇವರಿಗೆ ಮರಣದಂಡನೆ ನಿಂತಿತು. ಜೀವಾವಧಿ ಶಿಕ್ಷೆ ಪಡೆದವರಲ್ಲಿ ಹೆಂಗಸರೂ ಇದ್ದರು. ಇದು ನಡೆದುದು ಬ್ರಿಟಿಷರ ನೇರ ಆಡಳಿತದ ಸೀಮೆಯಲ್ಲಲ್ಲ, ಮಾದರಿ ರಾಜ್ಯವೆಂದು ಹೆಸರು ಪಡೆದ ಮೈಸೂರು ಸಂಸ್ಥಾನದಲ್ಲಿ ಎಂಬುದನ್ನು ಗಮನಿಸಬೇಕು.

ಇನ್ನು ಕಯ್ಯೂರು. ಇದು ನೀಲೇಶ್ವರದ ಬಳಿ ತೇಜಸ್ವಿನಿ ಹೊಳೆಯ ದಡದಲ್ಲಿದೆ. ಜಮೀನು ಜನ್ಮಿಗಳದು, ದುಡಿತ ಒಕ್ಕಲಿನದು. ನಮ್ಮ ಚಾಲಗೇಣಿಯ ಒಕ್ಕಲುಗಳು ಯಾವ ವರ್ಷ ಎಬ್ಬಿಸುತ್ತಾರೋ ಎಂದು ಹೆದರಿ ಬಾಳುತ್ತಿದ್ದಂತೆಯೇ ಅಲ್ಲಿಯವರ ಬಾಳೂ ಇತ್ತು. ಗೇಣಿಯ ಮೇಲೆ ಕಾಣಿಕೆ, ಕಾಣಿಕೆಯ ಮೇಲೆ ಬಿಟ್ಟಿ. ರೈತಸಂಘ ಇದನ್ನು ಪ್ರಶ್ನಿಸಿತು. 1941ರ ಮಾರ್ಚ್ ಕೊನೆಯ ವಾರದಲ್ಲಿ ಪೋಲೀಸರು ರಾತ್ರಿ ಮನೆಗಳಿಗೆ ನುಗ್ಗಿ ಕೆಲವರನ್ನು ಹಿಡಿದರು, ಹೊಡೆದರು. ಇದನ್ನು ಪ್ರತಿಭಟಿಸಿ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಸಿಕ್ಕಿದವನು ಸುಬ್ಬರಾಯನೆಂಬ ಕಾನ್‌ಸ್ಟೇಬಲ್. ಹಿಂದಿನ ದಿನಗಳ ಹೊಡೆತದಲ್ಲಿ ಅವನ ಕೈಯೂ ಇತ್ತೆಂದು ಜನರ ಸಿಟ್ಟು. ಅವರು ಅವನ ಕೈಗೆ ಕೆಂಬಾವುಟ ಕೊಟ್ಟು ಮೆರವಣಿಗೆಯ ಮುಂದೆ ನಡೆಯೆಂದರು. ಅವನು ನಡೆದ. ಸ್ವಲ್ಪ ದೂರ ಹೋದ ಮೇಲೆ ಬಾವುಟದ ಕೋಲನ್ನು ಮುರಿದು, ಎದುರಿದ್ದವರನ್ನು ಹೊಡೆದು, ಓಡಿದ. ಹಿಂದಿನಿಂದ ಜನ, ಮುಂದೆ ಹೊಳೆ. ಹೊಳೆಗೆ ಹಾರಿದವನ ಮೇಲೆ ಕಲ್ಲುಗಳು ಬಿದ್ದುವು. ಅವನು ನೀರಿನಲ್ಲಿ ಸತ್ತ. ಆರೋಪಿಗಳ ಸಂಖ್ಯೆ ಅರವತ್ತನ್ನು ಮೀರಿತು. ತಲೆಮರೆಸಿಕೊಂಡ ಒಬ್ಬ ಆರೋಪಿ ಇ. ಕೆ. ನಾಯನಾರ್; ಅವರು 1980ರಲ್ಲಿ ಕೇರಳದ ಮುಖ್ಯಮಂತ್ರಿಯಾದರು. ಗಲ್ಲಿಗೇರಿದವರು ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್ ಮತ್ತು ಅಬೂಬಕ್ಕರ್. ಐದನೆಯವನು ಪ್ರಾಯಕ್ಕೆ ಬಾರದ ಹುಡುಗನೆಂಬ ಕಾರಣದಿಂದ ನೇಣಿನಿಂದ ಉಳಿದುಕೊಂಡ.

ಎರಡು ಕತೆಗಳನ್ನೂ ಪಕ್ಷದ ಬಣ್ಣ ತೆಗೆದು ಓದಿ ನೋಡಿ. ಒಂದೆಡೆ ಟೋಪಿ, ಒಂದೆಡೆ ಬಾವುಟ. ಎರಡೂ ಕಡೆ ಸರಕಾರದ ಆಳಿನ ಮೈಮೇಲೆ ತಮ್ಮ ಗುರುತನ್ನು ಹೊರಿಸುವ ಹಟ. ಜನ ಕೊಲ್ಲಬೇಕೆಂದು ಮೊದಲಿಗೆ ಬಯಸಿದವರಲ್ಲ. ಆಳುವವನನ್ನು ತಮ್ಮವನಂತೆ ಒಮ್ಮೆ ನೋಡಬೇಕೆಂದು, ಅಥವಾ ಅವನ ಬಿಗುಮಾನವನ್ನು ನಾಲ್ಕು ಜನರ ಮುಂದೆ ಇಳಿಸಬೇಕೆಂದು ಬಯಸಿದವರು. ಆ ಕ್ಷಣ ಅವನು ಒದರಿಕೊಂಡು ಹೊರಬರಲು ಯತ್ನಿಸಿದ. ಒಡನೆಯೇ ಆಟ ಕೊಲೆಯಾಯಿತು. ಗಾಂಧೀಜಿಯವರ ಅಹಿಂಸೆಯ ಟೋಪಿ ಕೂಡ ಬಲವಂತವಾಗಿ ತಲೆಯ ಮೇಲೆ ಕುಳಿತಾಗ ಕೆಂಬಾವುಟದ ಕೋಲಿಗಿಂತ ಬೇರೆಯಾಗಿ ವರ್ತಿಸಲಿಲ್ಲ.

ಎರಡೂ ಕಡೆ ಸತ್ತವರು ಯಾರು? ದಿವಾನರಲ್ಲ, ಕಲೆಕ್ಟರರಲ್ಲ, ಜನ್ಮಿಯೂ ಅಲ್ಲ. ಕೈಗೆ ಸಿಕ್ಕಿದ, ಸಂಬಳಕ್ಕೆ ದುಡಿಯುವ, ಇದೇ ನೆಲದ ಮನುಷ್ಯರು. ಅನ್ಯಾಯದ ಮೂಲ ದೂರದಲ್ಲಿದೆ, ಕೈಗೆ ಎಟುಕುವುದಿಲ್ಲ; ಅದರ ಕೊನೆಯ ತುದಿ ಮಾತ್ರ ಲಾಠಿ ಹಿಡಿದು ಮನೆಬಾಗಿಲಿಗೆ ಬರುತ್ತದೆ. ಹಾಗೆಂದು ಆ ತುದಿ ನಿರಪರಾಧಿಯೆಂದು ಹೇಳುವಂತಿಲ್ಲ. ಹೊಡೆತ ತಿಂದವರಿಗೆ ಹೊಡೆದ ಕೈಯೇ ಸರಕಾರ.

ಪಂಡಿತನಾದವನಿಗೆ ಶಬ್ದದ ಮೇಲೆ ಕಣ್ಣು ಹೋಗುವುದು ಸಹಜ. 'ಹುತ' ಎಂದರೆ ಬೆಂಕಿಯಲ್ಲಿ ಹೋಮಿಸಿದ್ದು; ತನ್ನನ್ನೇ ಹೋಮಿಸಿಕೊಂಡವನು ಹುತಾತ್ಮ. ನಮ್ಮ ಪತ್ರಿಕೆಗಳಲ್ಲಿ ಈ ಶಬ್ದಕ್ಕೆ ಬಿಡುವಿಲ್ಲ. ಒಂದು ಪಕ್ಷದ ಹುತಾತ್ಮ ಇನ್ನೊಂದು ಪಕ್ಷದ ಹಂತಕ. ಒಬ್ಬರ 'ಹೋರಾಟ' ಇನ್ನೊಬ್ಬರ 'ಗಲಭೆ'. ಈ ವಿಷಯದಲ್ಲಿ ನಮ್ಮ ಹಳಬರು ಹೆಚ್ಚು ಪ್ರಾಮಾಣಿಕರೆಂದು ನನಗೆ ತೋರುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದ ಕಂದಾಯವನ್ನು ನಗದಾಗಿ ಕೊಡಬೇಕೆಂದರು. 1837ರಲ್ಲಿ ರೈತರು ದಂಗೆಯೆದ್ದರು. ಕಲ್ಯಾಣಸ್ವಾಮಿಯ ಹೆಸರು ಧರಿಸಿದ ಪುಟ್ಟಬಸಪ್ಪನ ಮುಂದಾಳುತನದಲ್ಲಿ ಪೂಮಲೆಯ ಕಾಡಿನಲ್ಲಿ ಮೊದಲು ಕೊಂದುದು ಅಟ್ಲೂರು ರಾಮಪ್ಪಯ್ಯನೆಂಬ ಸರಕಾರಿ ನೌಕರನನ್ನು. ಮತ್ತೆ ಬೆಳ್ಳಾರೆಯ ಖಜಾನೆ, ಅಲ್ಲಿಂದ ಮಂಗಳೂರು. ಬಾವುಟಗುಡ್ಡೆಯಲ್ಲಿ ಬ್ರಿಟಿಷರ ಬಾವುಟ ಇಳಿಯಿತು. ಪಟ್ಟಣ 13 ದಿನ ದಂಗೆಯವರ ಕೈಯಲ್ಲಿತ್ತೆಂಬುದು ವಾಡಿಕೆಯ ಲೆಕ್ಕ. ಸೈನ್ಯ ಬಂದ ಮೇಲೆ ನೇಣುಗಳು. ಇಂದು ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯಿದೆ; 2022ರಲ್ಲಿ ಅದರ ಅನಾವರಣವಾಯಿತು. ಪುಸ್ತಕಗಳಲ್ಲಿ ಇದಕ್ಕೆ 'ಅಮರ ಸುಳ್ಯದ ಸ್ವಾತಂತ್ರ್ಯ ಸಮರ' ಎಂದು ಹೆಸರು. ಆದರೆ ಜನರ ಬಾಯಲ್ಲಿ ಉಳಿದುದು 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಮಾತು. ಕಾಟಕಾಯಿಯೆಂದರೆ ದಾಳಿ, ಲೂಟಿಯ ಹಾವಳಿ. ದಂಗೆಯ ನ್ಯಾಯವನ್ನು ಅರಿತಿದ್ದ ಜನವೇ ಅದು ಮನೆಮುಂದೆ ಹಾದುಹೋದಾಗ ಆದ ಭಯವನ್ನೂ ಶಬ್ದದಲ್ಲಿ ಕಾಪಾಡಿದರು. ನಮ್ಮ ಕಾಲದ ಹೆಸರುಗಳಲ್ಲಿ ಈ ಎರಡನೆಯ ಅರ್ಧ ಸೋರಿಹೋಗಿದೆ. ಅಂದ ಹಾಗೆ, ಕಲ್ಯಾಣಸ್ವಾಮಿಯನ್ನೂ ಕಯ್ಯೂರಿನವರನ್ನೂ ಕಾದಂಬರಿಗೆ ತಂದವರು ಒಬ್ಬರೇ, ಕುಳಕುಂದದ ನಿರಂಜನರು. ಕಯ್ಯೂರಿನ ಕತೆಯಾದ 'ಚಿರಸ್ಮರಣೆ' 1955ರಲ್ಲಿ ಬಂತು. ನೀಲೇಶ್ವರದ ಶಾಲೆಯಲ್ಲಿ ಓದಿದ ಅವರಿಗೆ ಆ ಹೊಳೆಯ ಪರಿಚಯವಿತ್ತು.

ಈ ರೋಗ ನಮ್ಮದು ಮಾತ್ರವೇ ಎಂದು ತಿಳಿಯಬೇಕಾಗಿಲ್ಲ. ಅಮೇರಿಕದಲ್ಲಿ ಎಡಪಂಥದವರು ಹೆಚ್ಚು ಕೊಂದರೋ ಬಲಪಂಥದವರೋ ಎಂಬ ಜಗಳ ಹಳೆಯದು. ಲೆಕ್ಕವನ್ನು ಯಾವ ವರ್ಷದಿಂದ ಆರಂಭಿಸುತ್ತೀರೆಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಂತರ್ಯುದ್ಧ ಮುಗಿದ 1865ರಿಂದ ಎಣಿಸಿದರೆ ಬಿಳಿಯ ಮುಸುಕಿನ ಕ್ಲಾನ್ ಪಂಗಡದವರು ಕರಿಯರ ಮೇಲೆ ನಡೆಸಿದ ಕೊಲೆಗಳು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತವೆ. 1970ರ ಸುಮಾರಿನ ನಾಲ್ಕಾರು ವರ್ಷಗಳನ್ನೇ ಹಿಡಿದರೆ ಎಡಪಂಥದ ತರುಣರ ಬಾಂಬುಗಳು ಕಣ್ಣಿಗೆ ಬೀಳುತ್ತವೆ. 1995ರ ಓಕ್ಲಹೋಮ ನಗರದ ಒಂದೇ ಸ್ಫೋಟದಲ್ಲಿ 168 ಮಂದಿ ಸತ್ತರು. ಅದು ಸರಕಾರದ್ವೇಷಿಯಾದ ಬಲಪಂಥೀಯನೊಬ್ಬನ ಕೃತ್ಯ.

ನನಗೆ ಈ ಸಂಖ್ಯೆಗಳಿಗಿಂತ ಹೆಚ್ಚು ಪಾಠ ಕಲಿಸಿದುದು ಅಲ್ಲಿಯ ಒಂದು ಕಲ್ಲು. 1859ರ ಅಕ್ಟೋಬರ್‌ನಲ್ಲಿ ಗುಲಾಮಗಿರಿಯ ಕಡುವೈರಿ ಜಾನ್ ಬ್ರೌನನು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ. ಕರಿಯರ ಬಿಡುಗಡೆಗಾಗಿ ನಡೆದ ಆ ದಾಳಿಯಲ್ಲಿ ಮೊದಲು ಸತ್ತವನು ಹೇವರ್ಡ್ ಶೆಫರ್ಡ್. ರೈಲ್ವೆ ನಿಲ್ದಾಣದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ, ಗುಲಾಮನಲ್ಲದ ಕರಿಯ. ಬ್ರೌನನಿಗೆ ಡಿಸೆಂಬರ್ 2ರಂದು ಗಲ್ಲಾಯಿತು. ಅವನ ಹೆಸರು ಹಾಡಾಗಿ ಹಬ್ಬಿತು. ಶೆಫರ್ಡನಿಗೆ 1931ರಲ್ಲಿ ಒಂದು ಸ್ಮಾರಕಶಿಲೆ ಬಂತು. ನೆಟ್ಟವರು ಯಾರು? ಗುಲಾಮಗಿರಿಯ ಪಕ್ಷದಲ್ಲಿ ಕಾದಿದ ದಕ್ಷಿಣದವರ ಸಂತತಿಯ ಸಂಘಗಳು. ನಂಬಿಗಸ್ತ ಕರಿಯನ ಮಾದರಿಯೆಂದು ಅವನನ್ನು ಮೆರೆಸಲು! ಸತ್ತ ಬಡಪಾಯಿಯನ್ನು ನೆನೆಯುವುದು ಕೂಡ ಹೀಗೆ ಪಕ್ಷದ ಕೆಲಸವಾಗಬಲ್ಲುದು. ಈಸೂರಿನ ಅಮಲ್ದಾರರನ್ನು ನೆನೆಯಬೇಕೆಂದು ಹೇಳುವ ನಾನೂ ಈ ಎಚ್ಚರವನ್ನು ಇಟ್ಟುಕೊಳ್ಳಬೇಕು.

ತಕ್ಕಡಿಯಲ್ಲಿ ಸರಕಾರದ ಕಲ್ಲನ್ನೂ ಇಡದೆ ತೂಕ ಪೂರ್ಣವಾಗದು. 1938ರ ಎಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರಿನ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತೆಂದು ಸರಕಾರ, ಮೂವತ್ತನ್ನು ಮೀರಿತೆಂದು ಜನ. ವಿಚಾರಣೆಗೆ ರಾಮೇಶಂ ಸಮಿತಿ ಕುಳಿತಿತು. ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಸಾಹೇಬರೂ ಒಪ್ಪಂದ ಮಾಡಿಕೊಂಡರು. ಗುಂಡು ಹಾರಿಸಿದವರಲ್ಲಿ ಯಾರೂ ನೇಣುಗಂಬದ ಹತ್ತಿರ ಸುಳಿಯಲಿಲ್ಲ. ಈಸೂರಿನಲ್ಲಿ ಇಬ್ಬರು ಅಧಿಕಾರಿಗಳಿಗೆ ಐದು ನೇಣು; ಕಯ್ಯೂರಿನಲ್ಲಿ ಒಬ್ಬ ಕಾನ್‌ಸ್ಟೇಬಲನಿಗೆ ನಾಲ್ಕು; ವಿದುರಾಶ್ವತ್ಥದಲ್ಲಿ ಸತ್ತ ರೈತರಿಗೆ ಒಂದು ವರದಿ.

ಹಿಂಸೆಯನ್ನು ತಡೆದು ನಿಲ್ಲಿಸಲು ಯತ್ನಿಸಿದ ಬಂಡಾಯಗಾರರೂ ಇದ್ದರು. ದಂಡೀಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಒಬ್ಬನೇ ಕನ್ನಡಿಗ ಮೈಲಾರ ಮಹಾದೇವಪ್ಪ. 1942ರಲ್ಲಿ ಅವರ ತಂಡ ಸರಕಾರಿ ಕಾಗದಪತ್ರ ಸುಟ್ಟಿತು, ಕಂದಾಯದ ಹಣ ಕಿತ್ತುಕೊಂಡಿತು. ಆದರೆ ಜೀವ ತೆಗೆಯಬಾರದೆಂಬ ಗೆರೆಯನ್ನು ಹಾಕಿಕೊಂಡಿತ್ತು. 1943ರ ಎಪ್ರಿಲ್ 1ರಂದು, ಅಂದರೆ ಕಯ್ಯೂರಿನವರಿಗೆ ನೇಣಾದ ಮೂರನೆಯ ದಿನ, ಹೊಸರಿತ್ತಿಯಲ್ಲಿ ಕಂದಾಯದ ಹಣಕ್ಕೆ ಕೈಹಾಕಿದಾಗ ಕಾವಲಿನವರ ಗುಂಡಿಗೆ ಮಹಾದೇವಪ್ಪನವರೂ ಇಬ್ಬರು ಸಂಗಡಿಗರೂ ಬಲಿಯಾದರು. ಗೆರೆ ಹಾಕಿಕೊಂಡವನಿಗೆ ಎದುರಾಳಿಯೂ ಅದೇ ಗೆರೆಯ ಮರ್ಯಾದೆ ತೋರುವನೆಂಬ ಭರವಸೆಯಿಲ್ಲ. ಆದರೂ ಅವರ ಕೈಯಿಂದ ಯಾರ ಮನೆಯೂ ವಿಧವೆಯ ಮನೆಯಾಗಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಇನ್ನು ಕಯ್ಯೂರಿನವರು ಕೇಳಿದ ಭೂಮಿಯ ಮಾತು. ದಕ್ಷಿಣ ಕನ್ನಡದ ಒಕ್ಕಲುಗಳಿಗೆ ಅದು ಕೊನೆಗೆ ಬಂದುದು 1974ರ ಭೂಸುಧಾರಣೆಯ ಕಾನೂನಿನಿಂದ, ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಕೊಟ್ಟು. ಆ ಕಾಗದದ ಹಿಂದೆ ಎಷ್ಟು ವರ್ಷಗಳ ರೈತ ಚಳುವಳಿಯಿತ್ತೆಂಬುದನ್ನು ಮರೆಯಬಾರದು. ಆದರೆ ಭೂಮಿ ಕೊಟ್ಟುದು ಆ ಕಾಗದವೇ.

ಈಚಿನ ಕಾಲಕ್ಕೆ ಬಂದರೆ ಹಿಂಸೆಯ ಸ್ವರೂಪವೇ ಬದಲಾಗಿದೆ. ಈಸೂರು, ಕಯ್ಯೂರುಗಳಲ್ಲಿ ಕೊಲೆ ಮಾಡಿದುದು ಗುಂಪು. ಹಾಡುಹಗಲಲ್ಲಿ, ಮುಖ ತೋರಿಸಿ, ಒಂದು ಗಳಿಗೆಯ ರೋಷದಲ್ಲಿ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಮನೆಬಾಗಿಲು ತಟ್ಟಿದವರು ಅಂಥವರಲ್ಲ. ವಚನಗಳ ಪಾಠಶೋಧನೆ, ಶಾಸನಗಳ ಅಧ್ಯಯನ ಇವುಗಳಲ್ಲಿ ಬಾಳು ಸವೆಸಿದ, 'ಮಾರ್ಗ' ಸಂಪುಟಗಳ ವಿದ್ವಾಂಸರು ಅವರು. ಹಂಪಿಯ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಅವರ ಕೆಲವು ನಿರ್ಣಯಗಳನ್ನು ಒಪ್ಪದ ಪಂಡಿತರು ಬೇಕಾದಷ್ಟು ಮಂದಿ ಇದ್ದರು. ನನ್ನ ಓರಗೆಯವರಲ್ಲಿಯೂ ಇದ್ದರು. ಒಪ್ಪದಿದ್ದರೆ ಲೇಖನ ಬರೆಯುವುದು ನಮ್ಮ ಪರಂಪರೆ. 2017ರ ಸಪ್ಟಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಕೊಲೆಯಾಯಿತು. ಎರಡು ಕೊಲೆಗಳಿಗೂ ಬಳಸಿದುದು ಒಂದೇ ನಾಡಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಮಾಡಿತು. ಹಿಂದುತ್ವದ ಉಗ್ರಪಂಥೀಯರ ಒಂದು ಜಾಲವನ್ನು ತನಿಖೆಯವರು ಆರೋಪಪಟ್ಟಿಯಲ್ಲಿ ಹೆಸರಿಸಿದರು. ಎರಡು ವರ್ಷ ಪಿಸ್ತೂಲನ್ನು ಜೋಪಾನವಾಗಿಟ್ಟುಕೊಂಡವರಿಗೆ ರೋಷದ ಸಬೂಬು ಇಲ್ಲ.

ಎಡಪಕ್ಕದಲ್ಲಿಯೂ ಹೀಗೆ ಲೆಕ್ಕ ಹಾಕಿ ಕೊಂದವರುಂಟು. ನಮ್ಮ ಮಲೆನಾಡಿನ ನಕ್ಸಲೀಯರು ಮಾಹಿತಿದಾರರೆಂಬ ಸಂಶಯದ ಮೇಲೆ ಕಾಡಿನ ಬಡವರನ್ನೇ ಕೊಂದದ್ದುಂಟು. ಅವರ ನಾಯಕ ಸಾಕೇತ್ ರಾಜನ್ ಕರ್ನಾಟಕದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಬರೆದ ವಿದ್ಯಾವಂತ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೋಲೀಸರ ಗುಂಡಿಗೆ ಆತ ಸತ್ತ. ನಾಲ್ಕೈದು ದಿನಗಳಲ್ಲಿ ಸೇಡಿನ ದಾಳಿ ನಡೆದುದು ನೂರಾರು ಮೈಲಿ ಆಚೆ, ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ; ಅಲ್ಲಿ ಬೀಡುಬಿಟ್ಟಿದ್ದ ಮೀಸಲು ಪಡೆಯ ಪೋಲೀಸರು ಪ್ರಾಣ ಕಳೆದುಕೊಂಡರು. ಸಾಕೇತನ ಸಾವಿಗೂ ಆ ಪೋಲೀಸರಿಗೂ ಸಂಬಂಧವಿರಲಿಲ್ಲ, ಸಮವಸ್ತ್ರವೊಂದೇ ಸಂಬಂಧ. ಕಾಡಿನಲ್ಲಿ ಉಳಿದಿದ್ದ ಆರು ಮಂದಿ 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು.

ಬಲದ ಪಿಸ್ತೂಲು, ಎಡದ ಬಂದೂಕು ಇವೆರಡನ್ನು ನಾನು ಒಂದು ಸಾಲಿನಲ್ಲಿಡುತ್ತೇನೆ; ಈಸೂರು, ಕಯ್ಯೂರುಗಳನ್ನು ಬೇರೊಂದು ಸಾಲಿನಲ್ಲಿ. ಬಣ್ಣದಿಂದ ವಿಂಗಡಿಸಿದರೆ ಈಸೂರು ಒಂದು ಕಡೆಗೂ ಕಯ್ಯೂರು ವೆಂಕಟಮ್ಮನಹಳ್ಳಿಯ ಕಡೆಗೂ ಹೋಗಿಬಿಡುತ್ತವೆ. ಕೃತ್ಯದಿಂದ ವಿಂಗಡಿಸಿದರೆ ಹಾಗಾಗುವುದಿಲ್ಲ. ಎಲ್ಲ ಹಿಂಸೆಯೂ ಒಂದೇ ಎಂದು ಕೈತೊಳೆದುಕೊಳ್ಳುವುದು ಸೋಮಾರಿಗಳ ಮಾತು. ನಮ್ಮವರದು ಮಾತ್ರ ಬೇರೆ ಎನ್ನುವುದು ಪಕ್ಷದವರ ಮಾತು.

ಈ ಪಕ್ಷದ ಮಾತು ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2022ರ ಜುಲೈ ತಿಂಗಳ ಕೊನೆಯ ಹತ್ತು ಹನ್ನೆರಡು ದಿನಗಳಲ್ಲಿ ದಕ್ಷಿಣ ಕನ್ನಡದಲ್ಲಿ ಮೂವರು ತರುಣರ ಕೊಲೆಯಾಯಿತು. ಇಬ್ಬರದು ಬೆಳ್ಳಾರೆಯ ಸುತ್ತಿನಲ್ಲಿ, 1837ರಲ್ಲಿ ಖಜಾನೆ ಲೂಟಿಯಾದ ಆ ಬೆಳ್ಳಾರೆಯೇ, ಇನ್ನೊಬ್ಬನದು ಸುರತ್ಕಲ್ಲಿನಲ್ಲಿ. ಇಬ್ಬರು ಒಂದು ಮತದವರು, ಒಬ್ಬ ಇನ್ನೊಂದು ಮತದವನು, ಒಂದು ಪಕ್ಷದ ಕಾರ್ಯಕರ್ತ. ಅಂದಿನ ಮುಖ್ಯಮಂತ್ರಿಗಳು ಕಾರ್ಯಕರ್ತನ ಮನೆಗೆ ಹೋಗಿ 25 ಲಕ್ಷ ರೂಪಾಯಿಗಳ ಪರಿಹಾರವಿತ್ತರು. ಅದು ಆ ಮನೆಗೆ ಸಲ್ಲತಕ್ಕದ್ದೇ ಆಗಿತ್ತು. ಉಳಿದ ಇಬ್ಬರ ಮನೆಗೆ ಅವರು ಹೋಗಲಿಲ್ಲ. ಆ ಎರಡು ಮನೆಗಳಿಗೆ ಸರಕಾರದ 25 ಲಕ್ಷ ಸಂದುದು 2023ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಚುನಾವಣೆ ನಡೆದು ಬೇರೆ ಪಕ್ಷ ಅಧಿಕಾರಕ್ಕೆ ಬಂದಿತ್ತು.